ನಮ್ಮ ಕ್ರೈಸ್ತ ಬದುಕಿನ ಇವತ್ತಿನ ವಿಗ್ರಹಗಳು ಯಾವುವು, ಬಿಡೋದು ಹೇಗೆ? (ಯೂತ್ ಸ್ಟಡಿಗೆ ಬೇಕು)

ಕಮ್ಮನಹಳ್ಳಿ ಯೂತ್:
ಎಲ್ರಿಗೂ ವಂದನೆಗಳು. ನಮ್ಮ ಸಭೆಯ (ಚರ್ಚಿನ) ಯೂತ್ ಕೂಟದಲ್ಲಿ ಮುಂದಿನ ತಿಂಗಳು ಈ ವಿಷಯ ತಗೋತಾ ಇದೀವಿ, ನಡೆಸೋ ಜವಾಬ್ದಾರಿ ನಂದು. ಮೊನ್ನೆ ಆರಾಧನೆ ಮುಗಿದ್ಮೇಲೆ ಹುಡುಗ್ರನ್ನ ಸುಮ್ನೆ ಕೇಳ್ದೆ, ನಿಮ್ಮ ವಿಗ್ರಹ ಯಾವುದಪ್ಪಾ ಅಂತ. ಎಲ್ರೂ ಫೋನು, ಇನ್‌ಸ್ಟಾ, ಕ್ರಿಕೆಟ್ಟು ಅಂದ್ರು, ಅಲ್ಲಿಗೆ ಮಾತು ಮುಗೀತು. ನಂಗೆ ಸಮಾಧಾನ ಆಗ್ಲಿಲ್ಲ. ಫೋನ್ ಬೈಯೋದು ಸುಲಭ, ಯಾರ ಮನಸ್ಸಿಗೂ ನೋವಾಗಲ್ಲ, ಒಂದು ವಾರ ಫೋನ್ ಉಪವಾಸ ಅಂತ ಮಾಡ್ತಾರೆ, ಮುಗಿದ ತಕ್ಷಣ ಮತ್ತೆ ಹಿಡ್ಕೋತಾರೆ, ಒಳಗೆ ಏನೂ ಬದಲಾಗಿರಲ್ಲ.

ಯೆಹೆಜ್ಕೇಲ 14 ಓದಿ ನೋಡಿ. ಇಸ್ರಾಯೇಲಿನ ಹಿರಿಯರು ಪ್ರವಾದಿ ಮುಂದೆ ಬಂದು ಕೂತಿದಾರೆ, ದೇವರ ಮಾತು ಕೇಳೋಕಂತಾನೇ ಬಂದಿರೋದು. ಅವರ ಬಗ್ಗೆನೇ ದೇವರು ಹೇಳೋದು, ಇವರು ಹೃದಯದೊಳಗೇ ವಿಗ್ರಹ ಇಟ್ಕೊಂಡಿದಾರೆ ಅಂತ. ಸಭೆಗೆ ಬರದೇ ಇರೋರ ವಿಷ್ಯ ಅಲ್ಲ ಅದು, ಮುಂದಿನ ಬೆಂಚಲ್ಲಿ ಕೂರೋರ ವಿಷ್ಯ.

ಹಾಗಾಗಿ ಕೇಳ್ತಿದೀನಿ, ನಿಮಗೆ ಕಂಡಿರೋದು ಹೇಳಿ. ಯಾವುದೋ ಒಂದು ಒಳ್ಳೇ ವಸ್ತು, ಒಳ್ಳೇ ಆಸೆ, ವಿಗ್ರಹ ಆಗೋಯ್ತು ಅಂತ ಹೆಂಗೆ ಗೊತ್ತಾಗುತ್ತೆ? ಗೊತ್ತಾದ್ಮೇಲೆ ಬಿಡೋದು ಅಂದ್ರೆ ಏನು ಮಾಡೋದು? ಒಂದೇ ವಿನಂತಿ, ಪಕ್ಕದ ಮನೆಯವರ ಪೂಜೆ ಪುನಸ್ಕಾರದ ಮಾತು ಇಲ್ಲಿ ಬೇಡ. ನಮ್ಮ ಮನೆ ಒಳಗಿನದು ಮಾತಾಡೋಣ.

ಹೆಬ್ಬಾಳದ ಆಂಟಿ:
ಕೇಳಿದ್ದು ಒಳ್ಳೇದಾಯ್ತು ಕಣಪ್ಪ. ಈ ಊರಲ್ಲಿ ನಮ್ಮಂಥ ಮನೆಗಳ ದೊಡ್ಡ ವಿಗ್ರಹ ಮಕ್ಕಳ ಮಾರ್ಕ್ಸು. ನಾನು ಸಂಡೇ ಸ್ಕೂಲ್ ಟೀಚರ್. ಎಂಟನೇ ಕ್ಲಾಸ್‌ವರೆಗೂ ಮಕ್ಕಳು ತುಂಬಿರ್ತಾರೆ, ಒಂಬತ್ತಕ್ಕೆ ಬಂದ್ರೋ ಇಲ್ವೋ ಬೆಂಚು ಖಾಲಿ, ಯಾಕಂದ್ರೆ ಕೋಚಿಂಗ್ ಟೆಸ್ಟ್ ಇಡೋದೇ ಭಾನುವಾರ ಬೆಳಗ್ಗೆ. ಅಪ್ಪ ಅಮ್ಮ ಮಾತ್ರ ಬಂದು ಕೂತ್ಕೊಂಡು ಮಗಳ ಸಿಇಟಿಗೆ, ನೀಟ್‌ಗೆ ಪ್ರಾರ್ಥನೆ ಮಾಡಿ ಅಂತ ಚೀಟಿ ಕೊಡ್ತಾರೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಒಂದು ಹುಡುಗಿ ಕೃತಜ್ಞತಾ ಕಾಣಿಕೆ ಕೊಡೋಕೆ ಅಮ್ಮನ ಜೊತೆ ನಿಂತಿತ್ತು. ಕವರ್ ಮೇಲೆ ಹುಡುಗಿ ಹೆಸರು, ಅದರ ಪಕ್ಕದಲ್ಲೇ 598/625 ಅಂತ ಅಮ್ಮ ದಪ್ಪಕ್ಕೆ ಬರೆದಿದ್ರು. ಹುಡುಗಿ ಆ ಅಂಕಿ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿ ಹಿಡ್ಕೊಂಡಿತ್ತು. ಆಮೇಲೆ ಕಾರಿಡಾರಲ್ಲಿ ಅಮ್ಮ ನಂಗೆ ಹೇಳಿದ್ದು, ಗಣಿತದಲ್ಲಿ ಸ್ವಲ್ಪ ಹೋಯ್ತು ಆಂಟಿ ಇಲ್ಲಾಂದ್ರೆ ಆರುನೂರು ದಾಟ್ತಿತ್ತು ಅಂತ, ಅದೂ ಮಗಳ ಎದುರಿಗೇ. ಮಗು ಮುಖ ನೋಡೋಕಾಗ್ಲಿಲ್ಲ ನಂಗೆ.

ಯೆರೆಮೀಯ 32ರಲ್ಲಿ ಮೋಲೆಕ ಅನ್ನೋ ಅನ್ಯದೇವತೆಗೆ ಗಂಡುಮಕ್ಕಳು ಹೆಣ್ಣುಮಕ್ಕಳನ್ನ ಆಹುತಿ ಕೊಟ್ರಲ್ಲ ಅಂತ ದೇವರು ನೊಂದ್ಕೊಂಡು ಹೇಳ್ತಾನೆ, ಅದು ನನ್ನ ಮನಸ್ಸಿಗೇ ಬಂದಿರಲಿಲ್ಲ ಅಂತಾನೆ. ನಾವು ಬೆಂಕಿಗೆ ಹಾಕಲ್ಲ ನಿಜ. ಆದ್ರೆ ಆ ವಯಸ್ಸಿನ ನಿದ್ದೆ, ಆಟ, ಅಜ್ಜಿ ಮನೆ ರಜೆ, ಸಂಡೇ ಸ್ಕೂಲು, ಎಲ್ಲ ತಗೊಂಡಾಯ್ತು. ಯಾರಿಗೋಸ್ಕರ ತಗೊಂಡ್ವಿ ಅಂತ ಪ್ರಾಮಾಣಿಕವಾಗಿ ಕೇಳ್ಕೋಬೇಕು.

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪ್:
ಆಂಟಿ, ಮಕ್ಕಳು ಚೆನ್ನಾಗಿ ಓದಲಿ ಅನ್ನೋದು ತಪ್ಪಾ? ನಮ್ಮ ಅಪ್ಪ ಓದಿಸ್ದೇ ಇದ್ದಿದ್ರೆ ನಾನು ಇಲ್ಲಿ ಇರ್ತಿರಲಿಲ್ಲ.

ಹೆಬ್ಬಾಳದ ಆಂಟಿ:
ತಪ್ಪಲ್ಲಪ್ಪ, ಓದಿಸ್ಲೇಬೇಕು. ಮಾರ್ಕ್ಸ್ ಕಮ್ಮಿ ಬಂದ ದಿನ ಆ ಮನೆಯಲ್ಲಿ ಮಗುಗೆ ಊಟ ಬಡಿಸುವಾಗ ಮಾತು ಬದಲಾಗುತ್ತಾ ಇಲ್ವಾ, ಅಷ್ಟು ನೋಡು. ಬದಲಾಗಲ್ಲ ಅಂದ್ರೆ ಆ ಮನೆಯಲ್ಲಿ ಓದು ಓದಾಗೇ ಇದೆ.

ನಿವೃತ್ತ ಮೇಷ್ಟ್ರು, ಹಲಸೂರು:
ಆಂಟಿ ಹೇಳಿದ್ದಕ್ಕೆ ಸೇರಿಸ್ತೀನಿ, ಸ್ವಲ್ಪ ಉದ್ದ ಆಗಬಹುದು, ಕ್ಷಮಿಸಿ. ಯೂತ್ ಸ್ಟಡಿಗೆ ನಾನಾಗಿದ್ರೆ ಹತ್ತು ಆಜ್ಞೆಯಿಂದ ಶುರು ಮಾಡಲ್ಲ, ತಾಮ್ರದ ಸರ್ಪದಿಂದ ಶುರು ಮಾಡ್ತೀನಿ. ಅರಣ್ಯಕಾಂಡ 21, ಜನಕ್ಕೆ ಹಾವು ಕಚ್ಚಿ ಸಾಯ್ತಿದ್ದಾಗ ದೇವರೇ ಮೋಶೆಗೆ ಹೇಳಿ ಮಾಡಿಸಿದ್ದು ಅದು, ನೋಡಿದವರು ಬದುಕಿದ್ರು. ಅದೇ ಸರ್ಪಕ್ಕೆ ನೂರಾರು ವರ್ಷ ಆದ್ಮೇಲೆ ಜನ ಧೂಪ ಹಾಕ್ತಾ ಕೂತಿದ್ರು, 2 ಅರಸುಗಳು 18:4ರಲ್ಲಿ ಹಿಜ್ಕೀಯ ರಾಜ ಅದನ್ನ ಒಡೆದು ಹಾಕಿದ. ದೇವರು ಕೊಟ್ಟಿದ್ದು, ಜೀವ ಉಳಿಸಿದ್ದು, ಮೋಶೆ ಕೈಯಾರೆ ಮಾಡಿದ್ದು, ಇಷ್ಟೆಲ್ಲ ಇದ್ರೂ ಒಡೀಬೇಕಾಯ್ತು. ಯೋಹಾನ 3ರಲ್ಲಿ ಯೇಸುಸ್ವಾಮಿ ತನ್ನನ್ನ ಅದೇ ಸರ್ಪಕ್ಕೆ ಹೋಲಿಸಿಕೊಳ್ತಾರೆ ಅನ್ನೋದನ್ನೂ ಮರೀಬೇಡಿ, ಅಂದ್ರೆ ಮೊದಲಿದ್ದ ಅರ್ಥ ಕೆಟ್ಟದ್ದಲ್ಲ.

ಈಗ ಚಿನ್ನದ ವಿಷಯ. ವಿಮೋಚನಕಾಂಡ 32ರಲ್ಲಿ ಜನ ನಮಗೊಂದು ದೇವರನ್ನ ಮಾಡಿಕೊಡು ಅಂದಾಗ ಮೋಶೆಯ ಅಣ್ಣ ಆರೋನ, ನಿಮ್ಮ ಹೆಂಡತಿ ಮಕ್ಕಳ ಕಿವಿಯಲ್ಲಿರೋ ಓಲೆ ಬಿಚ್ಚಿಕೊಂಡು ಬನ್ನಿ ಅಂತಾನೆ. ಗಮನಿಸಿ, ಪೂಜೆಗೆ ಕರು ಮಾಡೋಕೆ ಚಿನ್ನ ಬಂದಿದ್ದು ಹೆಂಗಸರು ಮಕ್ಕಳ ಕಿವಿಯಿಂದ. ಇನ್ನೊಂದು, ಕರು ರೆಡಿ ಆದ್ಮೇಲೆ ಆರೋನ ಸಾರಿದ್ದು ಏನು? ನಾಳೆ ಯೆಹೋವನಿಗೆ ಹಬ್ಬ ಅಂತ. ಹೆಸರು ದೇವರದ್ದೇ, ಮುಂದಿರೋದು ಕರು. ಆಮೇಲೆ 35, 36ನೇ ಅಧ್ಯಾಯದಲ್ಲಿ ಅದೇ ಜನ ಅವರಾಗೇ ಚಿನ್ನ ತಂದು ದೇವರ ಆರಾಧನೆಯ ಗುಡಾರಕ್ಕೆ ಕೊಡ್ತಾರೆ, ಜಾಸ್ತಿ ಆಯ್ತು, ಇನ್ನು ತರಬೇಡಿ ಅಂತ ಮೋಶೆ ಹೇಳಬೇಕಾಗುತ್ತೆ. ಒಂದು ಸಲ ಬಿಚ್ಚಿಸಿಕೊಂಡಿದ್ದು, ಇನ್ನೊಂದು ಸಲ ಮನಸ್ಸಾರೆ ಕೊಟ್ಟಿದ್ದು.

ಅದಕ್ಕೇ ಯುವಕರಿಗೆ ನಾನು ಹೇಳೋದು, ಅದರ ಮೇಲೆ ಎಷ್ಟು ಹೊತ್ತು ಕಳೀತೀರಿ ಅಂತ ಲೆಕ್ಕ ಹಾಕಬೇಡಿ, ಅದಕ್ಕೋಸ್ಕರ ಬೆಲೆ ತೆರುತ್ತಿರೋರು ಯಾರು ಅಂತ ನೋಡಿ. ಬೈಬಲಲ್ಲಿ ಯಾವ ವಿಗ್ರಹವೂ ಬಿಟ್ಟಿ ನಿಂತಿಲ್ಲ, ಯಾರೋ ಒಬ್ಬರಿಂದ ಕಿತ್ತುಕೊಂಡೇ ನಿಂತಿರೋದು, ಆ ಒಬ್ಬರು ಹೆಚ್ಚಾಗಿ ಮನೆಯೊಳಗಿನವರೇ ಆಗಿರ್ತಾರೆ.

ಬಾಗಲೂರು ಲೇಔಟ್:
ಇಷ್ಟೆಲ್ಲ ಯಾಕೆ, ಮೊದಲು ಕೆಲವು ಚರ್ಚ್‌ಗಳಲ್ಲಿ ಇಟ್ಟಿರೋ ಸ್ವರೂಪಗಳ (ಪ್ರತಿಮೆಗಳ) ಬಗ್ಗೆ ಮಾತಾಡ್ಲಿ. ವಿಗ್ರಹ ಮಾಡ್ಕೋಬೇಡ ಅಂತ ವಿಮೋಚನಕಾಂಡ 20:4 ಸ್ಪಷ್ಟವಾಗಿದೆ.

ಶಿವಾಜಿನಗರ ಜಪಮಾಲೆ:
ಬ್ರದರ್, ನಾನು ಕಥೋಲಿಕಳು, ಬೇಜಾರಿಲ್ಲದೇ ಉತ್ತರ ಕೊಡ್ತೀನಿ. 787ರಲ್ಲಿ ಬಿಷಪರು ಸೇರಿದ ಎರಡನೇ ನಿಕೇಯ ಮಹಾಸಭೆಯಲ್ಲೇ ಇದರ ಚರ್ಚೆ ಆಗಿದೆ. ಸ್ವರೂಪಕ್ಕೆ ಕೊಡೋ ಗೌರವ ಅದು ಯಾರನ್ನ ತೋರಿಸುತ್ತೋ ಅವರಿಗೆ ಸೇರುತ್ತೆ, ಆರಾಧನೆ ದೇವರಿಗೆ ಮಾತ್ರ, ಇದು ನಮ್ಮ ಬೋಧನೆ. ನೀವು ಒಪ್ಪದೇ ಇರಬಹುದು, ಅದು ಬೇರೆ ಮಾತು. ನಮ್ಮ ಸಭೆಯ ಧರ್ಮೋಪದೇಶದಲ್ಲೇ (ಕ್ಯಾಟಕಿಸಂ) 2113ನೇ ಪ್ಯಾರಾ ಓದಿ, ಅಧಿಕಾರ, ಸುಖ, ಜನಾಂಗ, ಪೂರ್ವಜರು, ರಾಷ್ಟ್ರ, ಹಣ, ಇವುಗಳಿಗೆ ದೇವರ ಜಾಗ ಕೊಟ್ರೆ ಅದು ವಿಗ್ರಹಾರಾಧನೆ ಅಂತ ಹೆಸರು ಹಿಡಿದು ಹೇಳಿದೆ.

ನನಗೆ ನಿಜವಾಗಿ ಸಂಕಟ ಆಗೋದು ಬೇರೆ. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಮುಂಚೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ದಿನಗಳಲ್ಲಿ ಬೆಸಿಲಿಕಾ ಹತ್ರ ಕಾಲಿಡೋಕೆ ಜಾಗ ಇರಲ್ಲ, ವಿವೇಕನಗರದಲ್ಲಿ ಗುರುವಾರ ಬಾಲಯೇಸು ಹತ್ರನೂ ಹಾಗೇ. ಎಷ್ಟೋ ಜನ ಕಣ್ಣೀರಿಟ್ಟು ಬೇಡ್ಕೋತಾರೆ, ಅದು ನಂಬಿಕೆ, ನಾನೂ ನಿಂತಿದೀನಿ ಆ ಕ್ಯೂನಲ್ಲಿ. ಆದ್ರೆ ಇದು ಮಾಡಿಕೊಡು, ನಾನು ಅದು ಕೊಡ್ತೀನಿ ಅಂತ ವ್ಯವಹಾರಕ್ಕೆ ನಿಂತಾಗ ನಮಗೆ ಬೇಕಾಗಿರೋದು ವೀಸಾ, ಸೈಟು, ದೇವರು ಅದಕ್ಕೊಂದು ದಾರಿ ಅಷ್ಟೇ. ಇದು ಪ್ರೊಟೆಸ್ಟೆಂಟ್ ಕೂಟಗಳಲ್ಲೂ ಇದೆ ಅಂತ ಪ್ರೀತಿಯಿಂದ ಹೇಳ್ತೀನಿ, ಅಭಿಷೇಕದ ಎಣ್ಣೆ ಬಾಟಲಿ ಮನೆ ಮನೆಗೂ ಬಂದಿದೆ, ಕೆಲವು ಮನೆಗಳಲ್ಲಿ ಪಾಸ್ಟರ್ ಫೋಟೋ ಗೋಡೆ ಮೇಲಿದೆ.

ನಿವೃತ್ತ ಮೇಷ್ಟ್ರು, ಹಲಸೂರು:
ತಂಗಿ ಸರಿಯಾಗಿ ಹೇಳಿದ್ರು. 1 ಸಮುವೇಲ 4ರಲ್ಲಿ ಒಡಂಬಡಿಕೆ ಮಂಜೂಷವನ್ನೇ (ದೇವರ ಆಜ್ಞೆಯ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆ) ಯುದ್ಧಕ್ಕೆ ಹೊತ್ತುಕೊಂಡು ಹೋದ್ರು, ಅದಿದ್ರೆ ಗೆಲ್ತೀವಿ ಅಂತ. ಸೋತ್ರು, ಮಂಜೂಷವೂ ಫಿಲಿಷ್ಟಿಯರ ಪಾಲಾಯ್ತು. ದೇವರು ತನ್ನ ಮಂಜೂಷವನ್ನ ತಾಯಿತ ಆಗೋಕೆ ಬಿಡಲಿಲ್ಲ.

ಬಾಗಲೂರು ಲೇಔಟ್:
ಸ್ವರೂಪದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದ್ರೆ ಎಣ್ಣೆ ಬಾಟಲಿ ಮಾತು ಒಪ್ತೀನಿ ಸಿಸ್ಟರ್.

ಮಾನ್ಯತಾ ಆನ್‌ಕಾಲ್:
ಕೆಲಸದ ಬಗ್ಗೆ ಯಾರೂ ಹೇಳಿಲ್ಲ ಇನ್ನೂ, ನಾನು ಹೇಳ್ತೀನಿ. ಐಟಿಯಲ್ಲಿ ಹದಿನೈದು ವರ್ಷದ ಹತ್ರ ಆಯ್ತು. ಲೇಆಫ್ ಶುರುವಾದಾಗ ನಮ್ಮ ಟೀಮಿನ ಒಬ್ರು, ನಮ್ಮ ಸಭೆಯವರೇ, ಕೆಲಸ ಹೋದ ಮೇಲೂ ತಿಂಗಳುಗಟ್ಟಲೆ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಮನೆಯಿಂದ ಹೊರಡ್ತಿದ್ರು, ಹೆಂಡ್ತಿಗೆ ಹೇಳಿರಲಿಲ್ಲ, ಸಭೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದ್ಮೇಲೆ ನಾವು ಕೆಲವರು ಹೋಗಿ ಕೂತು ಮಾತಾಡಿದಾಗ ಅವರು ಹೇಳಿದ್ದು, ಇಎಂಐ ಭಯಕ್ಕಿಂತ ಮ್ಯಾನೇಜರ್ ಅಲ್ಲದೇ ಇರೋ ನಾನು ಯಾರು ಅಂತ ಗೊತ್ತಾಗ್ತಿಲ್ಲ ಅಂತ. ಇದು ಕೇಳಿ ನಮ್ಮಲ್ಲಿ ಯಾರಿಗೂ ಅವರಿಗೆ ಬುದ್ಧಿ ಹೇಳೋಕೆ ಬಾಯಿ ಬರ್ಲಿಲ್ಲ, ಯಾಕಂದ್ರೆ ಸಭೆಯಲ್ಲಿ ಹೊಸಬರು ಬಂದ್ರೆ ನಾವು ಕೇಳೋ ಮೊದಲ ಪ್ರಶ್ನೆನೇ ಎಲ್ಲಿ ಕೆಲಸ ಅಂತ. ಆ ಪ್ರಶ್ನೆಯಲ್ಲೇ ನಾವು ಅವರನ್ನ ಆ ವಿಗ್ರಹದ ಮುಂದೆ ನಿಲ್ಲಿಸ್ತೀವಿ. ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮೊದಲನೇ ಆಜ್ಞೆಗೆ ಕೊಟ್ಟ ವಿವರಣೆ ಇದೇ, ನಿನ್ನ ಮನಸ್ಸು ಯಾವುದನ್ನ ಆತ್ಕೊಂಡು ನಿಂತಿದೆಯೋ ಅದೇ ನಿನ್ನ ದೇವರು.

ಬಿಡೋದು ಹೇಗೆ ಅಂದ್ರಿ. ನಾನು ಮಾಡಿದ್ದು ಹೇಳ್ತೀನಿ. ಶನಿವಾರ ರಾತ್ರಿಯಿಂದ ಭಾನುವಾರ ಸಂಜೆವರೆಗೆ ಆನ್‌ಕಾಲ್ (ಕರೆ ಬಂದ್ರೆ ತಕ್ಷಣ ಕೆಲಸಕ್ಕೆ ಕೂರೋ ಡ್ಯೂಟಿ) ಮಾಡಲ್ಲ, ಬದಲಿಗೆ ವಾರದ ಮಧ್ಯೆ ಎರಡು ರಾತ್ರಿ ಜಾಸ್ತಿ ತಗೋತೀನಿ ಅಂತ ಮ್ಯಾನೇಜರ್‌ಗೆ ಬರೆದು ಕೊಟ್ಟೆ. ಒಪ್ಪಿದ್ರು, ಆದ್ರೆ ಆ ವರ್ಷ ರೇಟಿಂಗ್ ಇಳೀತು, ಪ್ರಮೋಷನ್ ಹೋಯ್ತು. ಅದು ನೋವೇ. ಇನ್ನೊಂದು ವಿಷಯ ಯೂತ್‌ಗೆ ಖಂಡಿತ ಹೇಳಿ, ಖಾಲಿ ಬಿಟ್ರೆ ಅದು ಖಾಲಿ ಉಳಿಯಲ್ಲ. ಮತ್ತಾಯ 12ರಲ್ಲಿ ಗುಡಿಸಿ ಖಾಲಿ ಇಟ್ಟ ಮನೆಗೆ ಏಳು ದೆವ್ವ ಜಾಸ್ತಿ ಬಂದು ಸೇರ್ಕೊಂಡ್ವಲ್ಲ. ಭಾನುವಾರ ಬಿಡುವಾದ ತಕ್ಷಣ ಒಟಿಟಿ ಬಂದು ಕೂತ್ಕೊಳುತ್ತೆ. ಈಗ ನಮ್ಮನೆಯವರು, ಮಕ್ಕಳು, ನಾನು ಮಧ್ಯಾಹ್ನ ಸಭೆಯ ವಯಸ್ಸಾದವರೊಬ್ಬರ ಮನೆಗೆ ಹೋಗಿ ಅವರ ಜೊತೆನೇ ಊಟ ಮಾಡ್ತೀವಿ.

ಪೀಣ್ಯ ಎರಡನೇ ಹಂತ:
ಎಲ್ಲಾ ಓದಿದೆ. ನನ್ನದೊಂದು ಮಾತು. ನಮ್ಮಮ್ಮ ಗಾರ್ಮೆಂಟ್ಸಲ್ಲಿ ಟೈಲರ್, ನಾನು ಚಿಕ್ಕವಳಿದ್ದಾಗಿಂದ. ತಿಂಗಳ ಕೊನೆ ವಾರ ಓಟಿ (ಓವರ್‌ಟೈಮ್) ಸಿಗಲಿ ಅಂತ ಅಮ್ಮ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರು, ಬಾಡಿಗೆಗೆ ಬೇಕಿತ್ತು. ಒಂದು ಸಲ ಕೂಟದಲ್ಲಿ ಪ್ರಸಂಗ ಮಾಡೋಕೆ ಬಂದವರು ದುಡ್ಡಿನ ಚಿಂತೆನೇ ವಿಗ್ರಹ ಅಂದ್ರು, ಅಮ್ಮ ಮನೆಗೆ ಬಂದು ಅತ್ರು. ನಂಗೆ ಇವತ್ತಿಗೂ ಸಿಟ್ಟಿದೆ. ಹೊಟ್ಟೆಗೆ ಬೇಕಾದ್ದನ್ನ ಕೇಳೋದು ವಿಗ್ರಹ ಅಲ್ಲ, ಅನುದಿನದ ಆಹಾರ ಕೊಡು ಅಂತ ಸ್ವಾಮಿನೇ ಕಲಿಸಿದ್ದು. ಜ್ಞಾನೋಕ್ತಿ 30ರಲ್ಲಿ ಆಗೂರನ ಪ್ರಾರ್ಥನೆ ಇದೆ ನೋಡಿ, ಬಡತನವೂ ಬೇಡ ಐಶ್ವರ್ಯವೂ ಬೇಡ, ಹೊಟ್ಟೆ ತುಂಬಿದ್ರೆ ನಿನ್ನನ್ನ ಮರೀತೀನಿ, ಇಲ್ಲದೇ ಇದ್ರೆ ಕದೀತೀನಿ ಅಂತ. ಅಷ್ಟು ಪ್ರಾಮಾಣಿಕ ಪ್ರಾರ್ಥನೆ ಇನ್ನೊಂದಿಲ್ಲ.

ಮೇಷ್ಟ್ರು ಹೇಳಿದ್ರಲ್ಲ, ಯಾರು ಬೆಲೆ ತೆರ್ತಿದಾರೆ ನೋಡಿ ಅಂತ, ಅದನ್ನೇ ಹಿಡ್ಕೊಂಡು ಕೇಳ್ತೀನಿ. ಅಪಾರ್ಟ್‌ಮೆಂಟಲ್ಲಿರೋ ನಮ್ಮ ಜನ ಭಾನುವಾರ ಆರಾಧನೆಗೆ ಹೋಗೋಕೆ ಮುಂಚೆ ಮನೆಕೆಲಸದವರು ಬಂದು ಪಾತ್ರೆ ತೊಳೆದು, ಬಿರಿಯಾನಿಗೆ ಈರುಳ್ಳಿ ಹೆಚ್ಚಿಟ್ಟು ಹೋಗಬೇಕು. ಎಷ್ಟೋ ಜನ ಆ ಅಕ್ಕಂದಿರೂ ಕ್ರೈಸ್ತರೇ, ಅವರಿಗೆ ಸಭೆಯಿಲ್ಲ, ವಿಶ್ರಾಂತಿಯಿಲ್ಲ. ಧರ್ಮೋಪದೇಶಕಾಂಡ 5:14ರಲ್ಲಿ ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾಕೆ ಅಂತ ಕೊಟ್ಟಿದೆ, ನಿನ್ನ ಕೆಲಸದವರಿಗೂ ನಿನ್ನ ಹಾಗೇ ವಿಶ್ರಾಂತಿ ಸಿಗಲಿ ಅಂತ. ಅನುಕೂಲ ಅನ್ನೋದೂ ದೊಡ್ಡ ವಿಗ್ರಹ, ಅದರ ಹೆಸರು ಯಾರ ಪಟ್ಟಿಯಲ್ಲೂ ಬರಲ್ಲ. ಮೊದಲು ಭಾನುವಾರ ಅವರಿಗೆ ಸಂಬಳದ ರಜೆ ಕೊಡಿ.

ಕಮ್ಮನಹಳ್ಳಿ ಯೂತ್:
ಅಕ್ಕ, ಇದು ನಮ್ಮ ಮನೆಗೇ ಬಂತು. ಇವತ್ತೇ ಅಮ್ಮನ ಹತ್ರ ಮಾತಾಡ್ತೀನಿ.

ಕೋಲಾರ ರೋಡ್:
ಇಷ್ಟು ಜನ ಬರೆದ್ರಿ, ಒಂದು ಶಬ್ದ ಯಾರ ಬಾಯಲ್ಲೂ ಬರಲಿಲ್ಲ. ಜಾತಿ. ಬೆಂಗಳೂರಿನ ಕ್ರೈಸ್ತ ಮದುವೆ ಬಯೋಡೇಟಾ ನೋಡಿ. ಹುಟ್ಟಿದ ದಿನ, ಓದು, ಸಂಬಳ, ದೀಕ್ಷಾಸ್ನಾನ ಆದ ಸಭೆ, ಅದರ ಕೆಳಗೆ ಮೂಲ ಜಾತಿ. ಸಭೆಯ ಪೀಠದಲ್ಲಿ ಗಲಾತ್ಯ 3:28 ಓದ್ತೀವಿ, ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಅಂತಿಲ್ಲ, ದಾಸ ಸ್ವತಂತ್ರ ಅಂತಿಲ್ಲ. ಸಂಬಂಧ ಹುಡುಕುವಾಗ ಬ್ರೋಕರ್‌ಗೆ ಫೋನ್ ಮಾಡಿ ನಮ್ಮವರೇ ಬೇಕು ಅಂತೀವಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇಲ್ಲ, ಆ ಪಟ್ಟಿಯ ಮೀಸಲಾತಿ ಇಲ್ಲ. ಸರ್ಕಾರಕ್ಕೆ ನಮ್ಮ ಜಾತಿ ಇಲ್ಲ, ಸಭೆಯವರಿಗೆ ಮಾತ್ರ ಇದೆ, ಎರಡೂ ಕಡೆ ಏಟು. ಕಥೋಲಿಕ ಬಿಷಪರ ಸಮ್ಮೇಳನವೇ 2016ರಲ್ಲಿ ದಲಿತರ ಸಬಲೀಕರಣಕ್ಕೆ ಅಂತ ಒಂದು ನೀತಿ ತಂತು, ಸಭೆಯೊಳಗೆ ತಾರತಮ್ಯ ಇದೆ ಅಂತ ಒಪ್ಕೊಂಡೇ ತಂದಿದ್ದು.

ನಮ್ಮ ಅಕ್ಕನಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ವರ್ಶಿಪ್ ಟೀಮಲ್ಲಿ ಕೀಬೋರ್ಡ್ ನುಡಿಸ್ತಿದ್ದ, ಎರಡೂ ಮನೆ ಮಾತಾಡಿ ನಿಶ್ಚಿತಾರ್ಥಕ್ಕೆ ದಿನ ನೋಡಿದ್ರು. ಆಮೇಲೆ ಅವರ ಕಡೆಯಿಂದ ಯಾರೋ ನಮ್ಮ ಊರಿಗೆ ಹೋಗಿ ವಿಚಾರಿಸಿಕೊಂಡು ಬಂದ್ರು. ದೇವರ ಚಿತ್ತ ಇಲ್ಲ ಅಂತ ಕಾಣುತ್ತೆ ಅಂತ ಫೋನಲ್ಲಿ ಹೇಳಿದ್ರು. ದೇವರ ಚಿತ್ತ! ಆ ಮಾತು ಬಳಸಿದ್ದು ನಂಗೆ ತಡ್ಕೊಳೋಕಾಗ್ಲಿಲ್ಲ. ಮೇಷ್ಟ್ರು ಹೇಳಿದ್ರಲ್ಲ ಕರು ಮುಂದಿಟ್ಟು ಯೆಹೋವನಿಗೆ ಹಬ್ಬ ಅಂದ್ರು ಅಂತ, ಇದು ಅದೇ. ಇಲ್ಲಿ ಬೆಲೆ ತೆತ್ತಿದ್ದು ನಮ್ಮಕ್ಕ. ವರ್ಷ ಒಂದಾದ್ರೂ ಅವಳು ಆರಾಧನೆಗೆ ಬರಲ್ಲ ಅಂತಾಳೆ, ನಾನು ಬಲವಂತ ಮಾಡಲ್ಲ.

ನಮ್ಮ ಅಪ್ಪ ಒಂದು ಕೆಲಸ ಮಾಡಿದ್ರು. ಇನ್ನು ನಮ್ಮ ಮನೆಯಿಂದ ಹೋಗೋ ಬಯೋಡೇಟಾದಲ್ಲಿ ಆ ಸಾಲು ಇರಲ್ಲ, ಬರೋದ್ರಲ್ಲಿ ಇದ್ರೆ ನಾವು ಮುಂದುವರಿಸಲ್ಲ ಅಂತ. ನೆಂಟರು ಬೈದ್ರು, ಹುಡುಗಿ ಮನೆಯಲ್ಲೇ ಉಳೀತಾಳೆ ಅಂದ್ರು. ಅಪ್ಪ ಕದಲಲಿಲ್ಲ.

ಹೆಬ್ಬಾಳದ ಆಂಟಿ:
ಮಗಳನ್ನ ನೆನೆಸ್ಕೊಂಡ್ರೆ ಕರುಳು ಕಿತ್ತುಬರುತ್ತೆ. ಹೆಸರು ಹೇಳೋದು ಬೇಡ, ಪ್ರಾರ್ಥನೆಯಲ್ಲಿ ಇಟ್ಕೋತೀನಿ.

ಕೌನ್ಸೆಲಿಂಗ್ ಓದ್ತಿರೋಳು:
ಸಣ್ಣ ಎಚ್ಚರಿಕೆ. ಯೂತ್‌ನಲ್ಲಿ ಕೆಲವು ಮಕ್ಕಳು ಸೂಕ್ಷ್ಮ ಇರ್ತಾರೆ, ಈ ಸ್ಟಡಿ ಮುಗಿದ್ಮೇಲೆ ಹಾಡು ಕೇಳೋದು, ಫ್ರೆಂಡ್ಸು, ಒಳ್ಳೇ ಬಟ್ಟೆ, ಎಲ್ಲಾನೂ ವಿಗ್ರಹ ಅಂತ ರಾತ್ರಿಯೆಲ್ಲ ಒದ್ದಾಡ್ತಾರೆ. ಅಂಥವರಿಗೆ 1 ತಿಮೊಥೆ 6:17ನೂ ಓದಿ ಹೇಳಿ, ಅನುಭವಿಸಲಿ ಅಂತಲೇ ದೇವರು ಎಲ್ಲವನ್ನ ಧಾರಾಳವಾಗಿ ಕೊಡ್ತಾನೆ ಅಂತ ಪೌಲ ಬರೀತಾನೆ, ಅದೂ ಐಶ್ವರ್ಯದ ಮೇಲೆ ನಂಬಿಕೆ ಇಡಬೇಡಿ ಅನ್ನೋ ಅದೇ ವಾಕ್ಯದಲ್ಲಿ. ಎಲ್ಲರ ಮುಂದೆ ನಿಂತು ನಿನ್ನ ವಿಗ್ರಹ ಹೇಳು ಅಂತ ಯಾರನ್ನೂ ಒತ್ತಾಯ ಮಾಡಬೇಡಿ.

ನಿವೃತ್ತ ಮೇಷ್ಟ್ರು, ಹಲಸೂರು:
ಬಿಡೋದು ಹೇಗೆ ಅನ್ನೋದಕ್ಕೆ ನನ್ನ ಕೊನೇ ಮಾತು ಹೇಳಿಬಿಡ್ತೀನಿ. ಮಾರ್ಕ 10ರ ಐಶ್ವರ್ಯವಂತ, ಇರೋದೆಲ್ಲ ಮಾರಿ ಬಡವರಿಗೆ ಕೊಡು ಅಂತ ಸ್ವಾಮಿ ಹೇಳಿದಾಗ ದುಃಖಪಟ್ಟು ಹೊರಟು ಹೋದ. ಸ್ವಾಮಿ ಅವನನ್ನ ನೋಡಿ ಪ್ರೀತಿಸಿದ್ರು ಅಂತ ಬರೆದಿದೆ, ಆದ್ರೂ ಅವನ ಹಿಂದೆ ಓಡಲಿಲ್ಲ. ಲೂಕ 19ರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಶ್ರೀಮಂತ ಜಕ್ಕಾಯನ ಮನೆಗೆ ಸ್ವಾಮಿ ಅತಿಥಿಯಾಗಿ ಹೋದ್ರು ಅಷ್ಟೇ, ಮಾರು ಅಂತ ಹೇಳಲೂ ಇಲ್ಲ, ಅವನೇ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ನನ್ನ ದುರಾಸೆ ಬಿಟ್ಟೆ ಅಂತ ಬರೀ ಸಾಕ್ಷಿ ಹೇಳಿ ಕೂತ್ಕೊಳ್ಳಲಿಲ್ಲ. ಯಾರಿಂದ ತಗೊಂಡಿದ್ನೋ ಅವರಿಗೇ ಕೊಟ್ಟ. ಮಾರ್ಕ್ಸಿಗೋಸ್ಕರ ಮಗುವಿನ ಭಾನುವಾರ ತಗೊಂಡಿದ್ರೆ ಮಗುವಿಗೇ ಭಾನುವಾರ ವಾಪಸ್ ಕೊಡಬೇಕು, ಉಪವಾಸ ಮಾಡಿ ದೇವರಿಗೆ ಕೊಟ್ಟೆ ಅಂದ್ರೆ ಸಾಲ ತೀರಲ್ಲ. ಕೆಲಸದವರ ರಜೆ, ಹೆಂಡತಿಗೆ ಕೊಡದ ಸಮಯ, ಆ ಹೆಣ್ಣುಮಗಳ ಮಾನ, ಇವೆಲ್ಲ ಹಾಗೇ. ಮಾನ ವಾಪಸ್ ಕೊಡೋದು ಕಷ್ಟ, ಆ ಮನೆಯವರು ಹೋಗಿ ಕ್ಷಮೆ ಕೇಳಬೇಕು, ಬೇರೆ ದಾರಿ ನನಗೆ ಕಾಣಲ್ಲ.

ಕಮ್ಮನಹಳ್ಳಿ ಯೂತ್:
ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಪ್ಲಾನ್ ಬದಲಾಯಿಸಿದ್ವಿ. ಮೊದಲನೇ ವಾರ ತಾಮ್ರದ ಸರ್ಪ, ಎರಡನೇ ವಾರ ಅಪ್ಪ ಅಮ್ಮಂದಿರನ್ನೂ ಕರೆದು ಓದು ಮತ್ತು ಕೆಲಸದ ವಿಷಯ, ಆಂಟಿ ನೀವು ಬರಬೇಕು. ಯಾರನ್ನೂ ನಿಂತು ಹೇಳು ಅಂತ ಕೇಳಲ್ಲ, ಮನೆಗೆ ಹೋಗಿ ಒಂದೇ ಪ್ರಶ್ನೆ ಬರೆದುಕೊಳ್ಳಲಿ, ನನ್ನ ಆಸೆಗೆ ಬೆಲೆ ತೆರ್ತಿರೋರು ಯಾರು, ಅವರಿಗೆ ಏನು ವಾಪಸ್ ಕೊಡಬೇಕು. ಮೂರನೇ ವಾರ ಜಾತಿ. ಅಯ್ಯನವರ (ಪಾಸ್ಟರ್) ಹತ್ರ ಕೇಳ್ದೆ, ಕಮಿಟಿಯಲ್ಲಿ ಕೆಲವರಿಗೆ ಇಷ್ಟ ಆಗಲ್ಲ, ಆದ್ರೂ ತಗೋ, ನಾನೂ ಬಂದು ಕೂತ್ಕೋತೀನಿ ಅಂದ್ರು. ಕೋಲಾರ ರೋಡ್ ಅಣ್ಣ, ನೀವು ಬಂದು ಮಾತಾಡ್ತೀರಾ?

ಕೋಲಾರ ರೋಡ್:
ಬರ್ತೀನಿ. ಆದ್ರೆ ಅಕ್ಕನ ವಿಷಯ ಅಲ್ಲಿ ಎತ್ತಲ್ಲ, ಅದು ಅವಳದು. ಅಪ್ಪನ್ನ ಕರ್ಕೊಂಡು ಬರ್ತೀನಿ, ಬಯೋಡೇಟಾ ವಿಷಯ ಅವರೇ ಹೇಳ್ಲಿ. ಮಾತಾಡೋಕೆ ಅರ್ಧ ಗಂಟೆ ಕೊಡಿ, ಆಮೇಲೆ ಪ್ರಶ್ನೆಗಳಿಗೂ ಟೈಮ್ ಇಡಿ, ಸಿಟ್ಟಿನ ಪ್ರಶ್ನೆ ಬಂದ್ರೂ ಪರವಾಗಿಲ್ಲ, ಅಪ್ಪ ಉತ್ತರ ಕೊಡ್ತಾರೆ.